ಸಹಿ ಹಾಕುವ ಮುನ್ನ ಲೆಕ್ಕ ಕೇಳಿ

(ಸಾಲ, ಬಡ್ಡಿ ಹಾಗೂ ವಸೂಲಿಯ ಬಗ್ಗೆ ಸದಸ್ಯರು ತಿಳಿದಿರಬೇಕಾದ ಸಂಗತಿಗಳು)



ಡಿಗ್ರಿ ಎಷ್ಟು ಬಂತು, ಫ್ಯಾಟು ಎಷ್ಟು ಬಂತು ಎಂದು ನಾವು ದಿನಕ್ಕೆ ಎರಡು ಸಲ ಕೇಳಿ ತಿಳಿದುಕೊಳ್ಳುತ್ತೇವೆ. ಒಂದು ಪಾಯಿಂಟು ಕಡಿಮೆ ಬಂದರೂ ಹಾಲು ಪರೀಕ್ಷಕರನ್ನು ಸುಮ್ಮನೆ ಬಿಡುವುದಿಲ್ಲ. ಕೇಳುವುದು ನಮ್ಮ ಹಕ್ಕು, ಕೇಳಲೂ ಬೇಕು. ಆದರೆ ಐವತ್ತು ಸಾವಿರ ರೂಪಾಯಿ ಸಾಲದ ಕಾಗದ ಮುಂದೆ ಬಂದಾಗ ಮಾತ್ರ "ಸಹಿ ಎಲ್ಲಿ ಹಾಕಬೇಕು?" ಎಂದಷ್ಟೇ ಕೇಳುತ್ತೇವೆ. ಈ ಲೇಖನದ ಉದ್ದೇಶ ಇಷ್ಟೇ: ಹಾಲಿನ ವಿಷಯದಲ್ಲಿ ನಮಗಿರುವ ಎಚ್ಚರ ಸಾಲದ ವಿಷಯದಲ್ಲಿಯೂ ಇರಲಿ.

ಈಚೆಗೆ ಮಾಗಡಿ ರಸ್ತೆಯ ತಾವರೆಕೆರೆ ಕಡೆಯ ಸದಸ್ಯರೊಬ್ಬರು ಬೆಳಗಿನ ಹಾಲು ಹಾಕಿದ ಮೇಲೆ, ಎಲ್ಲರೂ ಹೋಗುವವರೆಗೂ ಕಾದಿದ್ದು, ಸಂಘದ ಕಾರ್ಯದರ್ಶಿಯವರ ಮುಂದೆ ಒಂದು ಕಾಗದ ಇಟ್ಟರು. ಅವರ ಅಕ್ಕ ಇರುವುದು ಶ್ರೀಗಂಧದ ಕಾವಲ್‌ನಲ್ಲಿ. ಕಾವಲು ಎಂದರೆ ಹುಲ್ಲಿಗೋ ಮರಕ್ಕೋ ಕಾದಿರಿಸಿದ ಜಾಗ. ಹೆಸರಿನಲ್ಲಿ ಮಾತ್ರ ಗಂಧವೂ ಕಾವಲೂ ಉಳಿದು, ಈಗ ಅಲ್ಲೆಲ್ಲ ಒತ್ತೊತ್ತಾಗಿ ಮನೆಗಳು. ಆದರೂ ಆ ತಾಯಿ ಮನೆಯ ಹಿಂದೆ ಎರಡು ಹಸು ಕಟ್ಟಿಕೊಂಡು, ಸುತ್ತಲ ಮನೆಗಳಿಗೆ ವರ್ತನೆ ಹಾಲು ಹಾಕಿ ಸಂಸಾರ ನಡೆಸುತ್ತಿದ್ದಾರೆ. ಒಂದು ಹಸು ಗಬ್ಬವಾಗಿ ಹಾಲು ಬತ್ತಿತು. ಇನ್ನೊಂದಕ್ಕೆ ಕೆಚ್ಚಲು ಬಾವು ಬಂತು. ಅದೇ ಹೊತ್ತಿಗೆ ಮಗನ ಕಾಲೇಜಿನ ಶುಲ್ಕ. ಮನೆ ಬಾಗಿಲಿಗೇ ಬಂದ ಫೈನಾನ್ಸಿನವರು 50,000 ರೂ. ಕೊಡಲು ಒಪ್ಪಿದರು. ತಮ್ಮನ ಜಾಮೀನು ಬೇಕು ಎಂದರು.

"ಅಕ್ಕನ ಸಾಲಕ್ಕೆ ನನ್ನ ಸಹಿ ಕೇಳ್ತಿದಾರೆ ಸ್ವಾಮಿ. ಒಂದೇ ರೂಪಾಯಿ ಬಡ್ಡಿಯಂತೆ. ಹಾಕ್ಲಾ ಬೇಡ್ವಾ?" ಎಂದು ಆ ಸದಸ್ಯರು ಕೇಳಿದರು.

ಕಾರ್ಯದರ್ಶಿಯವರು ಬಟವಾಡೆ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಆ ಲೆಕ್ಕವನ್ನು ಎಲ್ಲ ಸದಸ್ಯರೂ ತಿಳಿಯುವುದು ಒಳ್ಳೆಯದೆಂದು ಇಲ್ಲಿ ಕೊಟ್ಟಿದೆ.

ಒಂದು ರೂಪಾಯಿ ಬಡ್ಡಿ ಎಂದರೆ ಎಷ್ಟು?

ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಎಂದರೆ ವರ್ಷಕ್ಕೆ ಶೇಕಡಾ 12. ಐವತ್ತು ಸಾವಿರಕ್ಕೆ ವರ್ಷಕ್ಕೆ 6,000 ರೂ., ಎರಡು ವರ್ಷಕ್ಕೆ 12,000 ರೂ. ಅಸಲು ಬಡ್ಡಿ ಸೇರಿ 62,000 ರೂ. ಇದನ್ನು 24 ಕಂತು ಮಾಡಿದರೆ ತಿಂಗಳಿಗೆ ಸುಮಾರು 2,583 ರೂ. ಫೈನಾನ್ಸಿನವರ ಕಾಗದದಲ್ಲಿಯೂ ಇದೇ ಕಂತು ಇತ್ತು. ಮೇಲ್ನೋಟಕ್ಕೆ ಲೆಕ್ಕ ಸರಿಯಾಗಿಯೇ ಇದೆ.

ಆದರೆ ಈ ಲೆಕ್ಕದಲ್ಲಿ ಒಂದು ದೋಷವಿದೆ. ಪ್ರತಿ ಕಂತಿನಲ್ಲಿಯೂ ಸುಮಾರು 2,083 ರೂ. ಅಸಲು ತೀರುತ್ತಾ ಬರುತ್ತದೆ. ಒಂದು ವರ್ಷ ಕಳೆಯುವ ಹೊತ್ತಿಗೆ ಅರ್ಧ ಅಸಲು, ಅಂದರೆ 25,000 ರೂ. ತೀರಿರುತ್ತದೆ. ಕೊನೆಯ ತಿಂಗಳಲ್ಲಿ ಉಳಿದಿರುವ ಅಸಲು ಬರೀ 2,083 ರೂ. ಹೀಗಿದ್ದರೂ ಆ ಕೊನೆಯ ತಿಂಗಳಲ್ಲಿ ಕೂಡ ಪೂರ್ತಿ ಐವತ್ತು ಸಾವಿರದ ಮೇಲಿನ ಬಡ್ಡಿ 500 ರೂ. ಕಟ್ಟಬೇಕು. ಹಾಲು ಬತ್ತಿಸಿದ ಹಸುವಿಗೆ, ಹದಿನೈದು ಲೀಟರು ಕರೆಯುವ ಹಸುವಿಗೆ ಹಾಕುವಷ್ಟೇ ಪಶು ಆಹಾರ ಹಾಕಿದಂತೆ ಇದು. ಈ ಕ್ರಮಕ್ಕೆ ಫ್ಲಾಟ್ ಬಡ್ಡಿ ಎಂದು ಹೆಸರು.

ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವುದು ಇನ್ನೊಂದು ಕ್ರಮ. ಇದನ್ನು ಇಳಿಕೆ ಬಾಕಿಯ ಮೇಲಿನ ಬಡ್ಡಿ ಎನ್ನಬಹುದು. ಈ ಕ್ರಮದಲ್ಲಿ ಅದೇ 50,000 ರೂ.ಗೆ, ಅದೇ ಶೇಕಡಾ 12ರಂತೆ, ಅದೇ 24 ತಿಂಗಳಿಗೆ ಕಂತು ಸುಮಾರು 2,354 ರೂ. ಮಾತ್ರ. ಒಟ್ಟು ಬಡ್ಡಿ ಸುಮಾರು 6,490 ರೂ. ಫ್ಲಾಟ್ ಕ್ರಮದಲ್ಲಿ 12,000 ರೂ. ವ್ಯತ್ಯಾಸ ಐದೂವರೆ ಸಾವಿರ. ಹೀಗಾಗಿ ಬಾಯಲ್ಲಿ ಹೇಳಿದ ಶೇಕಡಾ 12, ನಿಜದಲ್ಲಿ ವರ್ಷಕ್ಕೆ ಸುಮಾರು ಶೇಕಡಾ 21.5 ಆಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಸಂಸ್ಕರಣಾ ಶುಲ್ಕ, ವಿಮೆ, ಕಾಗದ ಪತ್ರದ ಖರ್ಚು ಎಂದು 1,500 ರೂ. ಮೊದಲೇ ಹಿಡಿದುಕೊಂಡು 48,500 ರೂ. ಕೈಗೆ ಕೊಡುವುದೆಂದು ಕಾಗದದಲ್ಲಿ ಬರೆದಿತ್ತು. ಬಡ್ಡಿ ಮಾತ್ರ 50,000ಕ್ಕೆ. ಇದನ್ನೂ ಸೇರಿಸಿದರೆ ಬಡ್ಡಿ ವರ್ಷಕ್ಕೆ ಸುಮಾರು ಶೇಕಡಾ 25ಕ್ಕೆ ಮುಟ್ಟುತ್ತದೆ. ಒಂದು ರೂಪಾಯಿ ಎಂದು ಹೇಳಿದ ಬಡ್ಡಿ ಎರಡು ರೂಪಾಯಿ ದಾಟಿತು.

ಆದ್ದರಿಂದ ಸದಸ್ಯರು ಬಡ್ಡಿ ಎಷ್ಟು ಎಂದು ಮಾತ್ರ ಕೇಳಿ ಸುಮ್ಮನಾಗಬಾರದು. ಈ ಕೆಳಕಂಡ ಮೂರು ಪ್ರಶ್ನೆಗಳನ್ನು ತಪ್ಪದೇ ಕೇಳತಕ್ಕದ್ದು:

1. ನನ್ನ ಕೈಗೆ ಅಥವಾ ಖಾತೆಗೆ ನಿಜವಾಗಿ ಬರುವ ಹಣ ಎಷ್ಟು?
2. ಕೊನೆಯ ಕಂತಿನವರೆಗೆ ನಾನು ಕಟ್ಟುವ ಒಟ್ಟು ಹಣ ಎಷ್ಟು?
3. ಒಂದು ಕಂತು ತಪ್ಪಿದರೆ ಏನಾಗುತ್ತದೆ, ಬೇಗ ತೀರಿಸಿದರೆ ಏನಾಗುತ್ತದೆ?

ಮೊದಲೆರಡು ಉತ್ತರಗಳ ನಡುವಿನ ಅಂತರವೇ ನಿಮ್ಮ ಸಾಲದ ನಿಜವಾದ ಬೆಲೆ. ಇದನ್ನು ಕಳೆದು ನೋಡಲು ಶಾಲೆಯ ಲೆಕ್ಕ ಸಾಕು.

ಲೆಕ್ಕ ಬರೆದುಕೊಡುವುದು ಅವರ ಕರ್ತವ್ಯ

ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಸಾಲ ಕೊಡುವವರ ಉಪಕಾರವಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ, ಬ್ಯಾಂಕುಗಳಾಗಲಿ ನೋಂದಾಯಿತ ಹಣಕಾಸು ಕಂಪನಿಗಳಾಗಲಿ ವ್ಯಕ್ತಿಗಳಿಗೆ ಕೊಡುವ ಹೊಸ ಅವಧಿ ಸಾಲಗಳಿಗೆ ಮುಖ್ಯ ಅಂಶಗಳ ಪತ್ರವೊಂದನ್ನು ಮೊದಲೇ ಕೊಡಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ, ಕಂತುಗಳ ಪಟ್ಟಿ, ವಿಧಿಸಬಹುದಾದ ಶುಲ್ಕಗಳು, ದೂರು ಎಲ್ಲಿ ಕೊಡಬೇಕು ಎಂಬ ವಿವರ ಅದರಲ್ಲಿರಬೇಕು. ಆ ಪತ್ರದಲ್ಲಿ ಬರೆಯದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಮುಂದೆ ವಸೂಲು ಮಾಡುವಂತಿಲ್ಲ.

ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ, ಪತ್ರ ಕೊಟ್ಟ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವಿರುತ್ತದೆ. "ಈಗಲೇ ಸಹಿ ಹಾಕಿ, ನಾಳೆ ಬಂದರೆ ಸಾಲ ಇಲ್ಲ" ಎಂದು ಅವಸರ ಮಾಡುವವರ ಬಗ್ಗೆ ಎಚ್ಚರದಿಂದಿರಿ. ಆ ಪತ್ರವನ್ನು ಮನೆಗೆ ತನ್ನಿ, ಓದುವ ಮಕ್ಕಳಿಂದ ಗಟ್ಟಿಯಾಗಿ ಓದಿಸಿ ಕೇಳಿ. ಅರ್ಥವಾಗದಿದ್ದರೆ ಸಂಘಕ್ಕೆ ತನ್ನಿ.

ಹಸು ಹತ್ತು ತಿಂಗಳು, ಕಂತು ಹನ್ನೆರಡು ತಿಂಗಳು

ಬಡ್ಡಿ ನ್ಯಾಯವಾಗಿಯೇ ಇದ್ದರೂ ಕಂತು ಕಟ್ಟುವ ಶಕ್ತಿ ನಮಗಿದೆಯೇ ಎಂದು ಮೊದಲು ನೋಡಬೇಕು. ಹೈನುಗಾರರ ಆದಾಯ ಸಂಬಳದವರ ಆದಾಯದ ಹಾಗಲ್ಲ. ಚೆನ್ನಾಗಿ ಸಾಕಿದ ಹಸು ವರ್ಷದಲ್ಲಿ ಸುಮಾರು ಹತ್ತು ತಿಂಗಳು ಕರೆಯುತ್ತದೆ. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಬೇಕು. ಕಂತಿಗೆ ಬತ್ತಿಸುವ ಕಾಲ ಎಂಬುದಿಲ್ಲ.

ಒಂದು ಹಸುವಿನ ಲೆಕ್ಕ ನೋಡೋಣ. ದಿನಕ್ಕೆ ಸರಾಸರಿ 10 ಲೀಟರು, ಲೀಟರಿಗೆ 35 ರೂ. ಎಂದಿಟ್ಟುಕೊಂಡರೆ ತಿಂಗಳಿಗೆ 10,500 ರೂ. ಪಶು ಆಹಾರ, ಬೂಸಾ, ಮೇವು, ಖನಿಜ ಮಿಶ್ರಣ, ಔಷಧಿಗೆ 6,500 ರೂ. ಹೋದರೆ ಉಳಿಯುವುದು 4,000 ರೂ. ಹತ್ತು ತಿಂಗಳಿಗೆ 40,000 ರೂ. ಬತ್ತಿಸಿದ ಎರಡು ತಿಂಗಳಲ್ಲಿ ಆದಾಯವಿಲ್ಲ, ಮೇವಿಗೆ ತಿಂಗಳಿಗೆ 3,000 ರೂ.ನಂತೆ 6,000 ರೂ. ಖರ್ಚು ಮಾತ್ರ ಇದೆ. ಅದನ್ನು ಕಳೆದರೆ ವರ್ಷಕ್ಕೆ 34,000 ರೂ., ತಿಂಗಳಿಗೆ ಹಂಚಿದರೆ ಸುಮಾರು 2,833 ರೂ. ನಿಮ್ಮ ಊರಿನ ದರ, ನಿಮ್ಮ ಖರ್ಚು ಬೇರೆ ಇರಬಹುದು. ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ.

ಮೇಲ್ಕಂಡ ಸಾಲದ ಕಂತು 2,583 ರೂ. ಎಂಬುದನ್ನು ನೆನಪಿಸಿಕೊಳ್ಳಿ. ಅಂದರೆ ಒಂದು ಹಸುವಿನ ಇಡೀ ದುಡಿಮೆ ಕಂತಿಗೇ ಹೋಗಿ, ಮನೆಗೆ ಉಳಿಯುವುದು ತಿಂಗಳಿಗೆ 250 ರೂ. ಹಸು ಒಮ್ಮೆ ಕಾಯಿಲೆ ಬಿದ್ದರೆ, ಗಬ್ಬ ನಿಲ್ಲುವುದು ಎರಡು ತಿಂಗಳು ತಡವಾದರೆ, ಕಂತು ತಪ್ಪುತ್ತದೆ. ತಪ್ಪಿದ ಕಂತು ಕಟ್ಟಲು ಇನ್ನೊಂದು ಸಾಲ, ಅದನ್ನು ತೀರಿಸಲು ಮತ್ತೊಂದು ಸಾಲ. ಅನೇಕ ಕುಟುಂಬಗಳು ಮುಳುಗುವುದು ಮೊದಲ ಸಾಲದಿಂದಲ್ಲ, ಈ ಎರಡನೆಯ ಮೂರನೆಯ ಸಾಲದಿಂದ.

ಇದಕ್ಕಾಗಿಯೇ ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಿಂದ ಕಿರುಸಾಲಗಳಿಗೆ ಒಂದು ಮಿತಿ ಹಾಕಿದೆ. ವರ್ಷಕ್ಕೆ 3 ಲಕ್ಷ ರೂ. ವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಸಾಲ ಸಿಗಲೆಂದು ಆದಾಯವನ್ನು ಹೆಚ್ಚು ಬರೆಸಿದರೆ, ನಮ್ಮ ರಕ್ಷಣೆಗೆಂದು ಇರುವ ಬೇಲಿಯನ್ನು ನಾವೇ ಕಿತ್ತಂತೆ.

ದಿನಬಡ್ಡಿ, ಮೀಟರ್ ಬಡ್ಡಿ

ಕಂಪನಿಗಳ ಮಾತು ಹೀಗಾದರೆ, ಕಾಗದವೇ ಇಲ್ಲದ ಸಾಲದ ಸ್ಥಿತಿ ಇನ್ನೂ ಕಷ್ಟ. ನಗರದ ಅಂಚಿನ ಬಡಾವಣೆಗಳಲ್ಲಿ, ಸಂತೆಗಳಲ್ಲಿ ದಿನವಹಿ ವಸೂಲಿಯ ಸಾಲ ಸಾಮಾನ್ಯ. 10,000 ರೂ. ಸಾಲವೆಂದು ಹೇಳಿ, 1,500 ರೂ. ಮೊದಲೇ ಮುರಿದುಕೊಂಡು 8,500 ರೂ. ಕೈಗೆ ಕೊಡುತ್ತಾರೆ. ದಿನಕ್ಕೆ 100 ರೂ.ನಂತೆ 100 ದಿನ ಕಟ್ಟಬೇಕು. ದಿನಕ್ಕೆ ನೂರು ರೂಪಾಯಿ ತಾನೇ ಎಂದು ಹಗುರವಾಗಿ ಕಾಣುತ್ತದೆ. ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇಕಡಾ 120ರ ಬಡ್ಡಿ!

ಬಡ್ಡಿ ವ್ಯವಹಾರ ಮಾಡುವವರು 1961ರ ಕರ್ನಾಟಕ ಲೇವಾದೇವಿಗಾರರ ಕಾಯಿದೆಯಂತೆ ಪರವಾನಗಿ ಪಡೆದಿರಬೇಕು. ಸರ್ಕಾರ ಗೊತ್ತುಪಡಿಸಿರುವ ಗರಿಷ್ಠ ಬಡ್ಡಿ, ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇಕಡಾ 14, ಭದ್ರತೆ ಇಲ್ಲದ ಸಾಲಕ್ಕೆ ಶೇಕಡಾ 16. ಇದನ್ನು ಮೀರಿ ವಿಪರೀತ ಬಡ್ಡಿ ವಸೂಲು ಮಾಡುವುದು 2004ರ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ತಿಂಗಳಿಗೆ ನೂರಕ್ಕೆ ಐದು, ಹತ್ತು ರೂಪಾಯಿ ಕೇಳುವವನಿಗೆ ಕಾನೂನಿನ ಬಲವಿಲ್ಲ. ಅವನ ಬಲವೆಲ್ಲ ನಮ್ಮ ಅಂಜಿಕೆ ಮತ್ತು ನಾವು ಸಹಿ ಮಾಡಿ ಕೊಟ್ಟ ಖಾಲಿ ಕಾಗದ.

ಆದ್ದರಿಂದ ಎಂತಹ ತುರ್ತಿನಲ್ಲಿಯೂ ಖಾಲಿ ಚೆಕ್ಕಿಗೆ, ಖಾಲಿ ಸ್ಟಾಂಪ್ ಪೇಪರಿಗೆ, ಮೊತ್ತ ಬರೆಯದ ಪ್ರೋನೋಟಿಗೆ ಸಹಿ ಹಾಕಬೇಡಿ. ಖಾಲಿ ಚೆಕ್ಕಿನಲ್ಲಿ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಅದು ಬ್ಯಾಂಕಿನಿಂದ ವಾಪಸು ಬಂದರೆ ನಿಮ್ಮ ಮೇಲೆಯೇ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಪಹಣಿ, ಪಡಿತರ ಚೀಟಿ, ಎ.ಟಿ.ಎಂ. ಕಾರ್ಡು, ಬ್ಯಾಂಕ್ ಪಾಸ್ ಪುಸ್ತಕಗಳ ಮೂಲಪ್ರತಿ ಯಾರ ಕೈಗೂ ಒತ್ತೆ ಕೊಡಬೇಡಿ. ಕಟ್ಟಿದ ಪ್ರತಿಯೊಂದು ರೂಪಾಯಿಗೂ ರಸೀದಿ ಪಡೆಯಿರಿ. ರಸೀದಿ ಕೊಡದವನಿಗೆ ನಗದು ಕೊಡದೆ ಬ್ಯಾಂಕ್ ಖಾತೆಯ ಮೂಲಕವೇ ಕಟ್ಟಿ.

ಮನೆಯ ಯುವಕರಿಗೆ ಇನ್ನೊಂದು ಮಾತು. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳಿವೆ. ಇವುಗಳಲ್ಲಿ ನೋಂದಣಿಯೇ ಇಲ್ಲದವು ಬಹಳ. ಸಾಲದ ಹಣ ನೇರವಾಗಿ ಸಾಲಗಾರನ ಬ್ಯಾಂಕ್ ಖಾತೆಗೇ ಬರಬೇಕು, ಮೊಬೈಲಿನಲ್ಲಿರುವ ಫೋಟೋ, ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ತೆಗೆದುಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ನಿಯಮ ಮಾಡಿದೆ. ಇವನ್ನು ಕೇಳುವ ಆ್ಯಪ್ ಸಾಲ ಕೊಡಲು ಬಂದದ್ದಲ್ಲ, ಮರ್ಯಾದೆ ಒತ್ತೆ ಇಡಿಸಿಕೊಳ್ಳಲು ಬಂದದ್ದು.

ವಸೂಲಿಗೂ ಒಂದು ರೀತಿ ಇದೆ

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ರಾಮನಗರ ಮುಂತಾದ ಜಿಲ್ಲೆಗಳಿಂದ ಮನಕಲಕುವ ಸುದ್ದಿಗಳು ಬಂದವು. ಕಂತು ವಸೂಲಿಯ ಕಿರುಕುಳ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದರು, ಪ್ರಾಣ ಕಳೆದುಕೊಂಡವರೂ ಇದ್ದರು. ರಾಜ್ಯ ಸರ್ಕಾರ 2025ರ ಫೆಬ್ರುವರಿ 12ರಂದು, ಕಿರು ಸಾಲ ಹಾಗೂ ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವ ಸುಗ್ರೀವಾಜ್ಞೆ ಜಾರಿಗೆ ತಂದಿತು. ಮುಂದೆ ಅದು ವಿಧಾನಮಂಡಲದ ಒಪ್ಪಿಗೆ ಪಡೆದು ಕಾಯಿದೆಯಾಯಿತು. ಬೆದರಿಕೆ, ಹಿಂಸೆ, ಅವಮಾನಗಳ ಮೂಲಕ ವಸೂಲಿ ಮಾಡುವವರಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂ. ವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಇಂತಹ ದೂರನ್ನು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ.

ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳಿಗೆ ಆ ಬ್ಯಾಂಕಿನ ನಿಯಮಗಳೂ ಇವೆ. ಕಿರುಸಾಲದ ವಸೂಲಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಇಂತಿವೆ:

1. ಬೆಳಿಗ್ಗೆ 9 ಗಂಟೆಗೆ ಮುಂಚೆ, ಸಂಜೆ 6 ಗಂಟೆಯ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ.
2. ಕಂತು ಕಟ್ಟುವ ಜಾಗವನ್ನು ಇಬ್ಬರೂ ಒಪ್ಪಿ ಗೊತ್ತುಮಾಡಬೇಕು. ಸತತ ಎರಡು ಅಥವಾ ಹೆಚ್ಚು ಸಲ ಅಲ್ಲಿಗೆ ಸಾಲಗಾರರು ಬಾರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು.
3. ಬೈಗುಳ, ಬೆದರಿಕೆ, ಪದೇ ಪದೇ ಫೋನು ಮಾಡಿ ಕಾಡುವುದು ನಿಷಿದ್ಧ.
4. ನೆಂಟರಿಷ್ಟರನ್ನು, ಜೊತೆಯಲ್ಲಿ ಕೆಲಸ ಮಾಡುವವರನ್ನು ಪೀಡಿಸುವಂತಿಲ್ಲ. ಸಾಲಗಾರರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ.

ಹಾಲು ಹಾಕುವ ಸಾಲಿನಲ್ಲಿ ನಿಲ್ಲಿಸಿ ಎಲ್ಲರೆದುರು ಬೈಯುವುದು, ಕೊಟ್ಟಿಗೆಗೆ ನುಗ್ಗಿ ಹಸು ಬಿಚ್ಚಿಕೊಂಡು ಹೋಗುವುದು, ಮನೆ ಗೋಡೆಯ ಮೇಲೆ ಬರೆಯುವುದು ಇವೆಲ್ಲ ವಸೂಲಿಯಲ್ಲ, ಅಪರಾಧ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕಾಗಿದೆ. ಕಾನೂನು ಬಂದಿದೆ, ಇನ್ನು ಸಾಲ ಕಟ್ಟಬೇಕಾಗಿಲ್ಲ ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಬ್ಯಾಂಕಿನಿಂದಾಗಲಿ ನೋಂದಾಯಿತ ಸಂಸ್ಥೆಯಿಂದಾಗಲಿ ಪಡೆದ ನ್ಯಾಯವಾದ ಸಾಲವನ್ನು ತೀರಿಸಲೇಬೇಕು. ಕಾನೂನು ತಡೆದಿರುವುದು ಕಿರುಕುಳವನ್ನೇ ಹೊರತು ಮರುಪಾವತಿಯನ್ನಲ್ಲ.

ಜಾಮೀನು ಎಂಬುದು ಸಾಕ್ಷಿ ಸಹಿಯಲ್ಲ

ಈಗ ಆ ತಮ್ಮನ ಪ್ರಶ್ನೆಗೆ ಬರೋಣ. ಜಾಮೀನು ಹಾಕುವುದೆಂದರೆ ಪರಿಚಯ ಹೇಳಿದಂತೆ ಎಂದು ಹಲವರು ತಿಳಿದಿದ್ದಾರೆ. 1872ರ ಕರಾರು ಕಾಯಿದೆಯಂತೆ, ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರ ಕಟ್ಟದಿದ್ದರೆ ನೇರವಾಗಿ ಜಾಮೀನುದಾರನನ್ನೇ ಕೇಳಬಹುದು. ಅಂದರೆ ಅಕ್ಕನ ಹಸುವಿನ ಕೆಚ್ಚಲು ಬಾವಿಗೆ ತಮ್ಮನ ಬಟವಾಡೆ ಹೊಣೆಯಾಗುತ್ತದೆ. ಒಡಹುಟ್ಟಿದವರಿಗೆ ಇಲ್ಲ ಎನ್ನುವುದು ಕಷ್ಟ, ನಿಜ. ಆದರೆ ತಾನೇ ಕಟ್ಟಬೇಕಾಗಿ ಬಂದರೆ ಎಷ್ಟು ಕಟ್ಟಬಲ್ಲೆ ಎಂದು ಲೆಕ್ಕ ಹಾಕದೆ ಜಾಮೀನು ಹಾಕಬಾರದು. ಮಹಿಳೆಯರ ಗುಂಪು ಸಾಲಗಳಿಗೂ ಈ ಮಾತು ಅನ್ವಯಿಸುತ್ತದೆ. ಒಬ್ಬರ ಕಂತನ್ನು ಉಳಿದವರು ತುಂಬುವ ಕರಾರು ಇದೆಯೇ ಎಂದು ಮೊದಲೇ ಕೇಳಿ ತಿಳಿಯಿರಿ.

ಮತ್ತೆ ದಾರಿ ಯಾವುದು?

ಬೇಡ ಎಂದು ಹೇಳಿದರೆ ಸಾಲದು, ಕಷ್ಟಕಾಲಕ್ಕೆ ದಾರಿಯೂ ಬೇಕು. ನಮ್ಮ ಸಹಕಾರ ಚಳವಳಿ ಹುಟ್ಟಿದ್ದೇ ಈ ಕಾರಣಕ್ಕೆ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲೆಂದು 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಊರಿನವರ ಉಳಿತಾಯ ಊರಿನವರ ಕಷ್ಟಕ್ಕೆ ಆಗಲಿ ಎಂಬುದೇ ಅದರ ತಿರುಳು.

ಇಂದು ಹೈನುಗಾರರಿಗೆ ಇರುವ ಒಳ್ಳೆಯ ದಾರಿ ಕಿಸಾನ್ ಕ್ರೆಡಿಟ್ ಕಾರ್ಡು. ಮೊದಲು ಬೆಳೆಗೆ ಮಾತ್ರ ಇದ್ದ ಈ ಸೌಲಭ್ಯವನ್ನು 2018-19ರಿಂದ ಪಶುಸಂಗೋಪನೆಗೂ ವಿಸ್ತರಿಸಲಾಗಿದೆ. ಮೇವು, ಪಶು ಆಹಾರ, ಚಿಕಿತ್ಸೆಯಂತಹ ದಿನನಿತ್ಯದ ಖರ್ಚಿಗೆ ಇದು ಸಲ್ಲುತ್ತದೆ. ಸ್ವಂತ ಜಮೀನು ಇಲ್ಲದವರೂ, ಕೊಟ್ಟಿಗೆಯನ್ನು ಬಾಡಿಗೆಗೆ ಪಡೆದವರೂ ಅರ್ಜಿ ಹಾಕಬಹುದು. 2025ರ ಜನವರಿ 1ರಿಂದ 2 ಲಕ್ಷ ರೂ. ವರೆಗಿನ ಕೃಷಿ ಸಾಲಕ್ಕೆ ಅಡಮಾನ ಬೇಕಿಲ್ಲ. ಇದು ಪಶುಸಂಗೋಪನೆಗೂ ಸೇರಿ. ಸರ್ಕಾರದ ಬಡ್ಡಿ ರಿಯಾಯಿತಿ ಯೋಜನೆಯಲ್ಲಿ ಬಡ್ಡಿ ಶೇಕಡಾ 7. ಸಕಾಲಕ್ಕೆ ತೀರಿಸಿದವರಿಗೆ ಇನ್ನೂ ಶೇಕಡಾ 3 ಕಡಿತವಾಗಿ 4 ಬೀಳುತ್ತದೆ. ರಿಯಾಯಿತಿ ಆಯಾ ವರ್ಷದ ಆದೇಶದಂತೆ ಇರುವುದರಿಂದ ಬ್ಯಾಂಕಿನಲ್ಲಾಗಲಿ ನಿಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಾಗಲಿ ವಿಚಾರಿಸಿಕೊಳ್ಳಿ. ಇದಕ್ಕೆ ಓಡಾಟ ಜಾಸ್ತಿ, ಮನೆ ಬಾಗಿಲಿಗೆ ಯಾರೂ ತಂದುಕೊಡುವುದಿಲ್ಲ. ಆದರೆ ಶೇಕಡಾ 25ಕ್ಕೂ 7ಕ್ಕೂ ಇರುವ ಅಂತರಕ್ಕೆ ನಾಲ್ಕು ದಿನ ಓಡಾಡಿದರೆ ನಷ್ಟವಿಲ್ಲ. ಕಷ್ಟ ಬಂದ ಮೇಲೆ ಅರ್ಜಿ ಹಾಕುವುದಕ್ಕಿಂತ, ಹಸು ಚೆನ್ನಾಗಿ ಕರೆಯುತ್ತಿರುವಾಗಲೇ ಕಾರ್ಡು ಮಾಡಿಸಿಟ್ಟುಕೊಳ್ಳುವುದು ಜಾಣತನ.

ಈಗಾಗಲೇ ಸಿಕ್ಕಿಕೊಂಡಿದ್ದರೆ

ಮೊದಲನೆಯದಾಗಿ, ಗುಟ್ಟು ಮಾಡಬೇಡಿ. ಗಂಡ ಮಾಡಿದ ಸಾಲ ಹೆಂಡತಿಗೆ ತಿಳಿಯದು, ಹೆಂಡತಿ ಗುಂಪಿನಲ್ಲಿ ತೆಗೆದದ್ದು ಗಂಡನಿಗೆ ತಿಳಿಯದು. ಹೀಗಾದಾಗಲೇ ಸಾಲ ಬೆಳೆಯುತ್ತದೆ. ಮನೆಮಂದಿ ಎಲ್ಲ ಕುಳಿತು ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಎಷ್ಟು ಕಟ್ಟಿದೆ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವ ಯೋಜನೆ ಮಾಡಿ. ಸಾಲ ತೀರಿಸಲು ಇನ್ನೊಂದು ಸಾಲ ಎಂಬುದನ್ನು ಅಂದಿಗೇ ನಿಲ್ಲಿಸಿ.

ಎರಡನೆಯದಾಗಿ, ಕಂತು ತಪ್ಪುವುದು ಖಚಿತವಾದರೆ ತಲೆಮರೆಸಿಕೊಳ್ಳದೆ ಸಂಸ್ಥೆಗೆ ಮೊದಲೇ ಬರೆದು ತಿಳಿಸಿ. ಹಸು ಸತ್ತಿದ್ದರೆ ಪಶುವೈದ್ಯರ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಅವಧಿ ವಿಸ್ತರಿಸಲು ಕೋರಿ. ಅರ್ಜಿಯ ಒಂದು ಪ್ರತಿಗೆ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ.

ಮೂರನೆಯದಾಗಿ, ಅನ್ಯಾಯವಾಗಿದ್ದರೆ ದೂರು ಕೊಡಿ. ಮೊದಲು ಸಾಲ ಕೊಟ್ಟ ಸಂಸ್ಥೆಗೇ ಲಿಖಿತ ದೂರು. 30 ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು. ಇದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಬೆದರಿಕೆ, ದೌರ್ಜನ್ಯವಾದರೆ ಕಾಯಬೇಕಾಗಿಲ್ಲ, ಕೂಡಲೇ 112ಕ್ಕೆ ಅಥವಾ ಹತ್ತಿರದ ಠಾಣೆಗೆ ತಿಳಿಸಿ. ಮೊಬೈಲ್ ಮೂಲಕ ಹಣ ವಂಚನೆಯಾದರೆ 1930. ಉಚಿತ ಕಾನೂನು ನೆರವಿಗೆ 15100, ಅಥವಾ ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಸಾಲ ಎಷ್ಟೇ ದೊಡ್ಡದಿರಲಿ, ಜೀವಕ್ಕಿಂತ ದೊಡ್ಡದಲ್ಲ. ಮನಸ್ಸು ಕುಸಿದಾಗ 14416ಕ್ಕೆ ಕರೆ ಮಾಡಿದರೆ ಕೇಳಿಸಿಕೊಳ್ಳುವವರು ಹಗಲೂ ರಾತ್ರಿಯೂ ಇರುತ್ತಾರೆ. ದಿನಾ ಹಾಲು ಹಾಕುತ್ತಿದ್ದ ಸದಸ್ಯರು ಎರಡು ದಿನ ಕಾಣದಿದ್ದರೆ, ಯಾರನ್ನಾದರೂ ಮನೆಗೆ ಕಳುಹಿಸಿ ವಿಚಾರಿಸುವುದು ಸಂಘದ ಆಡಳಿತ ಮಂಡಳಿಯ ಕರ್ತವ್ಯವೆಂದೇ ಭಾವಿಸಬೇಕು.

ತಾವರೆಕೆರೆ ಕಡೆಯ ಆ ಸದಸ್ಯರು ಕಾಗದಕ್ಕೆ ಸಹಿ ಹಾಕಲಿಲ್ಲ. ಬಟವಾಡೆ ಚೀಟಿಯ ಹಿಂದೆ ಬರೆದ ಲೆಕ್ಕವನ್ನೇ ಜೇಬಿನಲ್ಲಿಟ್ಟುಕೊಂಡು ಅಂದೇ ಶ್ರೀಗಂಧದ ಕಾವಲ್‌ಗೆ ಹೋಗಿ ಅಕ್ಕನಿಗೆ ಓದಿ ಹೇಳಿದರು. ಮಗನ ಶುಲ್ಕಕ್ಕೆ ತಾವು ಕೂಡಿಟ್ಟಿದ್ದರಲ್ಲಿ ಒಂದಿಷ್ಟು ಕೊಟ್ಟರು. ಹಸುಗಳ ಖರ್ಚಿಗೆ ಅಕ್ಕ ತಮ್ಮ ಇಬ್ಬರೂ ಬ್ಯಾಂಕಿಗೆ ಹೋಗಿ ಕಾರ್ಡಿಗೆ ಅರ್ಜಿ ಕೊಟ್ಟು ಬಂದರು. ಗಬ್ಬದ ಹಸು ಕರು ಹಾಕುವವರೆಗೂ ಕೈ ಬಿಗಿ ಹಿಡಿದೇ ನಡೆಯಬೇಕು. ಆದರೆ ಮುಂದಿನ ಕರಾವಿನ ಹಾಲು ಆ ತಾಯಿಯ ಮನೆಯದೇ ಆಗಿ ಉಳಿಯುತ್ತದೆ.

ಸಂಘಗಳ ಕಾರ್ಯದರ್ಶಿಗಳು ದಯವಿಟ್ಟು ಈ ಪುಟವನ್ನು ಸೂಚನಾ ಫಲಕದಲ್ಲಿ ಅಂಟಿಸಿ, ಮುಂದಿನ ಬಟವಾಡೆ ದಿನ ಸದಸ್ಯರಿಗೆ ಓದಿ ಹೇಳಬೇಕಾಗಿ ಕೋರಿದೆ.